ಕಣ್ಣನೂರು ಕೋಟೆಯ 14 ದಿನಗಳು
(ಉತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಪೊಳ್ಳಾಚಿಯಿಂದ ತಿರುಚ್ಚಿ ಬಳಿಯ ಸಮಯಪುರಕ್ಕೆ ಹೋಗಿ ಮಾರಿಯಮ್ಮನ ದರ್ಶನ ಮಾಡಿ ಬಂದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಅಲ್ಲಿನ ಕಣ್ಣನೂರು ಒಂದು ಕಾಲದಲ್ಲಿ ಕನ್ನಡದ ಹೊಯ್ಸಳರ ರಾಜಧಾನಿಯಾಗಿತ್ತು. 13ನೇ ಶತಮಾನದಲ್ಲಿ ವೀರ ಸೋಮೇಶ್ವರನು ಅಲ್ಲಿ ನೆಲೆಸಿ ಪೊಯ್ಸಳೇಶ್ವರ ದೇವಾಲಯವನ್ನು ಕಟ್ಟಿಸಿದನು. ಈಗ ಅದನ್ನು ಭೋಜೇಶ್ವರ ದೇವಾಲಯ ಎನ್ನುತ್ತಾರೆ.

ಮುಂದೆ ಆ ಊರು ಮಧುರೆ ಸುಲ್ತಾನರ ಕೈಸೇರಿ ಗಡಿಯ ಕೋಟೆಯಾಯಿತು. ಅದನ್ನು ಮರಳಿ ಪಡೆಯಲು ಮುಮ್ಮಡಿ ವೀರಬಲ್ಲಾಳನು ಮುತ್ತಿಗೆ ಹಾಕಿದನು. ಆಗ ಅವನಿಗೆ 80 ವರ್ಷ. ಆ ಕಾಲದಲ್ಲೇ ಮಧುರೆಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತಾ ಇದನ್ನು ಬರೆದಿಟ್ಟಿದ್ದಾನೆ. ಬಲ್ಲಾಳನ ಕಡೆ 20,000 ಮುಸಲ್ಮಾನ ಸೈನಿಕರೂ ಇದ್ದರೆಂದು ಅವನೇ ಹೇಳುತ್ತಾನೆ. ಆದ್ದರಿಂದ ಇದು ರಾಜ್ಯಕ್ಕಾಗಿ ನಡೆದ ಯುದ್ಧ, ಜಾತಿಮತಗಳ ಜಗಳವಲ್ಲ.

ತಿಂಗಳುಗಳು ಕಳೆದವು. ಕೋಟೆಯೊಳಗೆ 14 ದಿನಕ್ಕಾಗುವಷ್ಟು ದವಸ ಮಾತ್ರ ಉಳಿಯಿತು. ಕೋಟೆ ಬಿಟ್ಟುಕೊಟ್ಟರೆ ಪ್ರಾಣಭಯವಿಲ್ಲವೆಂದು ಬಲ್ಲಾಳನು ಹೇಳಿಕಳಿಸಿದನು. ನಮ್ಮ ಸುಲ್ತಾನನನ್ನು ಕೇಳಬೇಕು ಎಂದರು ಒಳಗಿದ್ದವರು. ಅದಕ್ಕೂ ಒಪ್ಪಿ ದೊರೆ 14 ದಿನಗಳ ಗಡುವು ಕೊಟ್ಟನು. ಪತ್ರ ಮಧುರೆಗೆ ಹೋಯಿತು. ಉತ್ತರವಾಗಿ ಸುಲ್ತಾನ ಘಿಯಾಸುದ್ದೀನನೇ ದಂಡು ಕಟ್ಟಿಕೊಂಡು ಬಂದನು.

ಅದು ನಡುಮಧ್ಯಾಹ್ನ. ಬಲ್ಲಾಳನ ಪಾಳೆಯದಲ್ಲಿ ಎಲ್ಲರೂ ವಿಶ್ರಾಂತಿಯಲ್ಲಿದ್ದರು, ಕುದುರೆಗಳು ಮೇಯಲು ಹೋಗಿದ್ದವು. ಯಾರೋ ಕಳ್ಳರು ಬಂದರೆಂದು ಭಾವಿಸುವಷ್ಟರಲ್ಲಿ ಸೈನ್ಯ ಚದುರಿಹೋಯಿತು. ಮುದಿದೊರೆ ಸೆರೆಸಿಕ್ಕನು. ಬಿಡುಗಡೆಯ ಆಸೆ ತೋರಿಸಿ ಅವನ ಆನೆ, ಕುದುರೆ, ಹಣವನ್ನೆಲ್ಲ ಕಸಿದುಕೊಂಡರು. ಬಳಿಕ 1342ರಲ್ಲಿ ಕೊಂದು, ಚರ್ಮದಲ್ಲಿ ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದರು. ಅದನ್ನು ಕಣ್ಣಾರೆ ಕಂಡೆನೆಂದು ಆ ಪ್ರವಾಸಿ ಬರೆದಿದ್ದಾನೆ.

ಮಹನೀಯರೇ, ಗಡುವು ಕೊಟ್ಟದ್ದು ದೊರೆಯ ದೊಡ್ಡತನ. ಕುದುರೆಗಳನ್ನು ಮೇಯಲು ಬಿಟ್ಟದ್ದು ಮಾತ್ರ ಮೈಮರೆವು. ನಾನು ಅಂಗಡಿಯವನು, ನನಗೆ ತಿಳಿದಂತೆ ಹೇಳುತ್ತೇನೆ. ಗಿರಾಕಿಗೆ ನಂಬಿಕೆಯಿಂದಲೇ ಕಡ ಕೊಡುತ್ತೇವೆ. ಹಾಗೆಂದು ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬಿಡುತ್ತೇವೆಯೇ? ದೇವಸ್ಥಾನದ ಹುಂಡಿ, ಒಡವೆ, ಭೂಮಿ ಇವುಗಳಿಗೂ ಇದೇ ನ್ಯಾಯ. ಒಬ್ಬರನ್ನೊಬ್ಬರು ನಂಬೋಣ, ಲೆಕ್ಕವನ್ನೂ ಎಲ್ಲರೆದುರು ಇಡೋಣ. ಲೆಕ್ಕ ಕೇಳಿದವರ ಮೇಲೆ ಯಾರೂ ಮುನಿಸಿಕೊಳ್ಳಬಾರದು.

ಬಲ್ಲಾಳನೊಡನೆ ಎಲ್ಲವೂ ಮುಗಿಯಲಿಲ್ಲ. ವಿಜಯನಗರದ ಕುಮಾರ ಕಂಪಣನು ಮಧುರೆಯನ್ನು ಗೆದ್ದನು. ಊರೂರು ಅಲೆದಿದ್ದ ಶ್ರೀರಂಗದ ಉತ್ಸವಮೂರ್ತಿ 1371ರಲ್ಲಿ ತನ್ನ ಸನ್ನಿಧಿಗೆ ಮರಳಿತು. ಅಷ್ಟು ವರ್ಷ ಆ ಮೂರ್ತಿಯನ್ನು ಕಾಪಾಡಿದ್ದು ಭಕ್ತರ ಎಚ್ಚರ. ಅಂತಹ ಎಚ್ಚರವನ್ನು ತಾಯಿ ನಮಗೂ ಕರುಣಿಸಲಿ ಎಂದು ಬೇಡಿ ನನ್ನ ಮಾತು ಮುಗಿಸುತ್ತೇನೆ.