ಮನೆಯ ಕಂಪ್ಯೂಟರಿನಲ್ಲಿ ನಾದದ ಅಳತೆ

ಹಾಡುವವರ ಶ್ರುತಿ ಎಷ್ಟು, ಮೃದಂಗದ ನಾದದಲ್ಲಿ ಏನೇನು ಬೆರೆತಿದೆ ಎಂದು ಅಳೆದು ನೋಡಲು ಹಿಂದೆ ಪ್ರಯೋಗಾಲಯವೇ ಬೇಕಿತ್ತು. ಈಗ ಮನೆಯ ಕಂಪ್ಯೂಟರು, ಒಂದು ಮೈಕು ಇದ್ದರೆ ಆಯಿತು. 2000ನೇ ಇಸವಿಯಲ್ಲಿ ಬಂದ ಆಡಾಸಿಟಿಯಂಥ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಅವು ಬರೆದು ತೋರಿಸುವ ನಕ್ಷೆಯನ್ನು ಓದುವುದು ಹೇಗೆ ಎಂಬುದೇ ಇಂದಿನ ಮಾತು.

ಮೈಕಿಗೆ ತಾಗುವ ಗಾಳಿಯ ಒತ್ತಡವನ್ನು ಸೌಂಡ್ ಕಾರ್ಡ್ ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಆ ಅಂಕಿಗಳ ಸಾಲಿನಲ್ಲಿ ಯಾವ ಸ್ವರ ಎಷ್ಟು ಬೆರೆತಿದೆ ಎಂದು ಬಿಡಿಸುವ ಗಣಿತಕ್ಕೆ ಅಡಿಪಾಯ ಹಾಕಿದವರು ಫ್ರಾನ್ಸಿನ ಜೋಸೆಫ್ ಫೂರ್ಯೇ. ಲೆಕ್ಕ ಮಾತ್ರ ಬಲು ಉದ್ದ. 4,096 ಅಂಕಿಗಳ ಒಂದು ತುಣುಕಿಗೆ ನೇರ ದಾರಿಯಲ್ಲಿ ಹೋದರೆ 1 ಕೋಟಿ 67 ಲಕ್ಷಕ್ಕೂ ಮಿಕ್ಕಿ ಗುಣಾಕಾರ ಬೇಕು. 1965ರಲ್ಲಿ ಅಮೆರಿಕದ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಒಳದಾರಿಯಲ್ಲಿ ಆ ಕೆಲಸ 50,000ದ ಆಸುಪಾಸಿಗೆ ಇಳಿಯುತ್ತದೆ. ಕಣ್ಣು ಮಿಟುಕಿಸುವುದರಲ್ಲಿ ನಕ್ಷೆ ಮೂಡುವುದು ಅದರಿಂದಲೇ.

ತುಣುಕು ಎಷ್ಟು ಉದ್ದವಿರಬೇಕು ಎಂಬುದನ್ನು ಮಾತ್ರ ನಾವೇ ಹೇಳಬೇಕು. ಗುಟ್ಟೆಲ್ಲ ಇರುವುದು ಇಲ್ಲೇ. 4,096 ಅಂಕಿ ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕೊಂಚ ಕಡಿಮೆ. ಅಷ್ಟರಲ್ಲಿ, ಸುಮಾರು 11 ಹರ್ಟ್ಸ್‌ಗಿಂತ ಹತ್ತಿರವಿರುವ ಎರಡು ಸ್ವರಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಗಂಡಸರ ಕಂಠದಲ್ಲಿ ಒಂದು ಮನೆ ಶ್ರುತಿಯ ಷಡ್ಜಕ್ಕೂ ಒಂದೂವರೆ ಮನೆಯ ಷಡ್ಜಕ್ಕೂ ಇರುವ ಅಂತರವೇ ಸುಮಾರು 8 ಹರ್ಟ್ಸ್! ತುಣುಕನ್ನು 16,384ಕ್ಕೆ ಹಿಗ್ಗಿಸಿದರೆ 3 ಹರ್ಟ್ಸ್‌ನ ಆಚೀಚೆ ವಿಂಗಡಿಸಬಹುದು. ಆದರೆ ಆ ತುಣುಕು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಉದ್ದ. ಮೃದಂಗ ಮೂರನೇ ಕಾಲದಲ್ಲಿ ಓಡುತ್ತಿದ್ದರೆ ಅಷ್ಟು ಹೊತ್ತಿಗೆ ಹಲವು ಪೆಟ್ಟು ಬಿದ್ದು ಒಂದರೊಳಗೊಂದು ಕಲಸಿಹೋಗುತ್ತವೆ. ಸ್ವರವನ್ನು ಬಿಗಿಯಾಗಿ ಹಿಡಿದರೆ ಕಾಲ ಸಡಿಲ, ಕಾಲವನ್ನು ಹಿಡಿದರೆ ಸ್ವರ ಸಡಿಲ. ಎಷ್ಟು ದುಬಾರಿ ತಂತ್ರಾಂಶ ಕೊಂಡರೂ ಗಣಿತದ ಈ ಕಟ್ಟಳೆ ತಪ್ಪದು. ತಂಬೂರಿಯ ಶ್ರುತಿ ನೋಡಲು ಉದ್ದ ತುಣುಕು, ಮೃದಂಗದ ನಡೆ ನೋಡಲು ಗಿಡ್ಡ ತುಣುಕು ಆರಿಸಿಕೊಳ್ಳಿ.

ನಕ್ಷೆಯ ಪಕ್ಕದಲ್ಲಿ ಮೈನಸ್ 20, ಮೈನಸ್ 60 ಎಂದು ಡೆಸಿಬಲ್ ಅಂಕಿಗಳಿರುತ್ತವೆ. ರೆಕಾರ್ಡಿಂಗಿಗೆ ಹಿಡಿಸುವ ಅತಿ ದೊಡ್ಡ ಮಟ್ಟವನ್ನು ಸೊನ್ನೆ ಎಂದಿಟ್ಟುಕೊಂಡು, ಅದಕ್ಕಿಂತ ಎಷ್ಟು ಕೆಳಗೆ ಎಂದು ಎಣಿಸುವ ಲೆಕ್ಕ ಇದು. ಬೀದಿಯ ಗದ್ದಲಕ್ಕೆ ಹೇಳುವ ಡೆಸಿಬಲ್ ಬೇರೆ. ಅಳತೆಗೆ ಹೊಂದಿಸಿದ ಮೈಕು ಇಲ್ಲದೆ, ಪಕ್ಕದ ಮನೆಯ ಧ್ವನಿವರ್ಧಕದ ಮೇಲೆ ದೂರು ಕೊಡಲು ಇದನ್ನು ನೆಚ್ಚಬೇಡಿ.

ಕೊನೆಗೊಂದು ಪ್ರಯೋಗ. ಸಾಮಾನ್ಯ ಡೋಲಿನ ಮೇಲ್ಸ್ವರಗಳಿಗೆ ಅಚ್ಚುಕಟ್ಟಾದ ಲೆಕ್ಕವಿಲ್ಲ. ಮೃದಂಗದಲ್ಲಿ ಅವು ಮೂಲಸ್ವರದ ಎರಡರಷ್ಟು, ಮೂರರಷ್ಟು, ಹೀಗೆ ಐದರವರೆಗೆ ಸಾಲಾಗಿ ಕೂರುತ್ತವೆ. ಬಲಮುಖದ ನಡುವೆ ಮೆತ್ತಿದ ಕರಣೆಯ ಭಾರ ಇದಕ್ಕೆ ಕಾರಣ. ಇದನ್ನು 1920ರಲ್ಲೇ ಬರೆದಿದ್ದ ಸಿ.ವಿ. ರಾಮನ್, ಬೆಂಗಳೂರಿಗೆ ಬಂದ ಮೇಲೆ 1934ರ ಪ್ರಬಂಧದಲ್ಲಿ ವಿವರವಾಗಿ ತೋರಿಸಿದರು. ಮುಚ್ಚಿಗೆಯ ಮೇಲೆ ನುಣ್ಣನೆ ಮರಳು ಉದುರಿಸಿ, ಅದು ಕೂಡುವ ಗೆರೆಗಳಿಂದ ಕಂಪನದ ಬಗೆಗಳನ್ನು ಗುರುತಿಸಿದ್ದರು. ನೀವು ಬಲಮುಖವನ್ನು ಬಿಡಿಬಿಡಿಯಾಗಿ ನುಡಿಸಿ ರೆಕಾರ್ಡ್ ಮಾಡಿ, ಉದ್ದ ತುಣುಕು ಆರಿಸಿ ನೋಡಿ. ನಕ್ಷೆಯ ಶಿಖರಗಳು ಸಮದೂರದಲ್ಲಿ ನಿಂತಿದ್ದರೆ ವಾದ್ಯ ಸರಿಯಾಗಿದೆ. ಅಂಕುಡೊಂಕಾಗಿದ್ದರೆ ಮೊದಲು ಕರಣೆ ಬಿರಿದಿದೆಯೇ ಎಂದು ನೋಡಿ, ತಂತ್ರಾಂಶವನ್ನು ಆಮೇಲೆ ದೂರಿದರಾಯಿತು.