ಬೇಳೆ ದುಬಾರಿಯಾದಾಗ
(ಹೊರರೋಗಿಗಳಿಗಾಗಿ ನೀಡಿದ ಆರೋಗ್ಯ ಶಿಕ್ಷಣ ಭಾಷಣ)



2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನಿಮಗೆ ನೆನಪಿರಬಹುದು. ಬೆಲೆ ಏರಿದಾಗ ನಮ್ಮ ಮನೆಗಳಲ್ಲಿ ಮೊದಲು ತೆಳುವಾಗುವುದು ಸಾರು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಹೆಂಗಸಿಗೆ ಉಳಿಯುವುದು ಬರೀ ತಿಳಿ. ಬಾಣಂತಿಗೆ, ಕ್ಷಯದ ಮಾತ್ರೆ ನುಂಗುವವರಿಗೆ ಇದು ಉಳಿತಾಯವಲ್ಲ, ನಷ್ಟ. ಬೇಳೆ ಕಡಿಮೆ ಮಾಡಬೇಡಿ, ಬೇಳೆಯನ್ನು ಬದಲಿಸಿ.

ಗುಬ್ಬಿ, ಕುಣಿಗಲ್ ಕಡೆಯ ಹೊಲಗಳಲ್ಲಿ ಬೆಳೆಯುವ ಹುರುಳಿಯಲ್ಲೂ ತೊಗರಿಯಷ್ಟೇ ಪ್ರೋಟೀನ್ ಇದೆ; 100 ಗ್ರಾಂಗೆ ಸುಮಾರು 22 ಗ್ರಾಂ. ದನದ ಮೇವೆಂದು ತಾತ್ಸಾರ ಬೇಡ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಕಾಳು ಸೊಪ್ಪು ಬೇಯಿಸಿದ ಕಟ್ಟನ್ನು ಚೆಲ್ಲಬೇಡಿ. ಅದರಲ್ಲೇ ಬಸ್ಸಾರು ಮಾಡಿ, ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ನಮ್ಮ ಅಜ್ಜಿಯರಿಗೆ ಇದನ್ನು ಯಾವ ನರ್ಸೂ ಹೇಳಿಕೊಡಲಿಲ್ಲ! ಸೊಪ್ಪಿಗೆ ಹಿತ್ತಲ ನುಗ್ಗೆ ಸಾಕು. ಮುದ್ದೆಯಂತೂ ಇದ್ದೇ ಇದೆ, ರಾಗಿಯಲ್ಲಿ ಕ್ಯಾಲ್ಸಿಯಂ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು.

ಸಂತೆಯಲ್ಲಿ ಸಂಜೆ ತರಕಾರಿ ಅಗ್ಗ, ನಿಜ. ಆದರೆ ಎರಡು ದಿನಕ್ಕೆ ಆಗುವಷ್ಟೇ ತನ್ನಿ. ಅವರೆಕಾಯಿ ಸುಗ್ಗಿಯಲ್ಲಿ ಅವರೆ ತಿನ್ನಿ.

ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಕಾಳಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ಇಂದು ರಾತ್ರಿ ಮನೆಯಲ್ಲಿ ಸಾರು ಬಡಿಸುವಾಗ ಸೌಟನ್ನು ತಳದವರೆಗೆ ಇಳಿಸಿ, ಕೊನೆಯ ತಟ್ಟೆಗೂ ಕಾಳು ಬೀಳಲಿ.