ರೈಲ್ಸ್ ಟ್ಯೂಬ್: ಆಸ್ಪತ್ರೆಯಿಂದ ಅಡುಗೆಮನೆಗೆ

ಬಾಯಿಂದ ನುಂಗಲಾಗದವರಿಗೆ ಮೂಗಿನ ಮೂಲಕ ಹೊಟ್ಟೆಯವರೆಗೆ ಇಳಿಸುವ ತೆಳುವಾದ ಕೊಳವೆಗೆ ಆಸ್ಪತ್ರೆಯಲ್ಲಿ ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಮನೆಯವರಿಗೆ ಅದು ಬರೀ ‘ಪೈಪು’. ಪಾರ್ಶ್ವವಾಯು, ಬಾಯಿ ಅಥವಾ ಗಂಟಲಿನ ಕ್ಯಾನ್ಸರ್, ತಲೆಗೆ ಬಿದ್ದ ಪೆಟ್ಟು ಇದರ ಮುಖ್ಯ ಕಾರಣಗಳು.

1790ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್, ನುಂಗುವ ಸ್ನಾಯುಗಳು ಸೋತ ರೋಗಿಯೊಬ್ಬನಿಗಾಗಿ ತಿಮಿಂಗಿಲದ ಬಾಯಿಯ ಬಳುಕುವ ಕಡ್ಡಿಗೆ ಹಾವುಮೀನಿನ ಚರ್ಮ ಹೊದಿಸಿ ಕೊಳವೆ ಮಾಡಿದ. ಕಲಕಿದ ಮೊಟ್ಟೆ, ಹಾಲು, ಸಕ್ಕರೆ ಅದರಲ್ಲಿ ಇಳಿದವು, ರೋಗಿ ಚೇತರಿಸಿಕೊಂಡ. ಹೊಟ್ಟೆಗೇ ರಂಧ್ರ ಕೊರೆದು ಉಣಿಸುವ ಯತ್ನವನ್ನು 1849ರಲ್ಲಿ ಫ್ರಾನ್ಸಿನ ಸೆಡಿಯೊ ಮಾಡಿದ, ರೋಗಿ ಉಳಿಯಲಿಲ್ಲ. 1876ರಲ್ಲಿ ವೆರ್ನೆಯ್‌ಗೆ ಅದು ಕೈಗೂಡಿತು.

1921ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ತನ್ನ ಟ್ಯೂಬನ್ನು ರೂಪಿಸಿದ್ದು ಊಟ ಕೊಡಲಿಕ್ಕಲ್ಲ, ಜಠರರಸವನ್ನು ಸ್ವಲ್ಪಸ್ವಲ್ಪವಾಗಿ ಹೊರತೆಗೆದು ಪರೀಕ್ಷಿಸಲಿಕ್ಕೆ. ಹೊರತೆಗೆಯಲು ಹುಟ್ಟಿದ ಕೊಳವೆಯೇ ಇಂದು ನಮ್ಮಲ್ಲಿ ಗಂಜಿ ಹೋಗುವ ದಾರಿ. 1979ರ ಜೂನ್ 12ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಗಾಡರರ್ ಮತ್ತು ಪಾನ್ಸ್ಕಿ, ನಾಲ್ಕೂವರೆ ತಿಂಗಳ ಮಗುವಿಗೆ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪ್ ನೆರವಿನಿಂದ ಕೊಳವೆ ಕೂರಿಸಿದರು. ಅದೇ ‘ಪೆಗ್’. ನಾಲ್ಕಾರು ವಾರಗಳಿಗಿಂತ ಹೆಚ್ಚು ಕಾಲ ಕೊಳವೆ ಬೇಕಾದವರಿಗೆ ವೈದ್ಯರು ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತಾರೆ.

ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ತೆರೆದ ಔಷಧಾಲಯ ಈಗ ದೊಡ್ಡ ಆಸ್ಪತ್ರೆ. ಅಂಥ ಆಸ್ಪತ್ರೆ ಮನೆಗೆ ಹತ್ತಿರವೇ ಇರಬಹುದು. ಹಾಗೆಂದು ದಿನದ ಆರೇಳು ಹೊತ್ತಿನ ಉಣಿಸುವಿಕೆಗೆ ನರ್ಸ್ ಬರುವುದಿಲ್ಲ. ಆ ಕೆಲಸ ಹೆಂಡತಿಯದು, ಮಗನದು, ಸೊಸೆಯದು.

ಕುಚ್ಚಲಕ್ಕಿ ಗಂಜಿಯ ಒಂದು ಅಗುಳು ಸಾಕು, ಕೊಳವೆ ಕಟ್ಟಿಕೊಳ್ಳಲು. ರಾಗಿ ಗಂಜಿ ಬಿಸಿಯಿರುವಾಗ ನೀರಾಗಿದ್ದು, ಆರುತ್ತಾ ಗಟ್ಟಿಯಾಗುತ್ತದೆ. ಆದ್ದರಿಂದ ತೆಳುಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಿರುವಾಗಲೇ ಕೊಡಬೇಕು. ಬರೀ ಗಂಜಿತಿಳಿಯಲ್ಲಿ ರೋಗಿ ಸೊರಗುತ್ತಾನೆ. ಬೇಳೆಕಟ್ಟು, ಹಾಲು, ಮೊಟ್ಟೆ, ಎಣ್ಣೆ ಎಷ್ಟೆಂದು ಆಹಾರತಜ್ಞರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು. ಸಿರಿಂಜನ್ನು ಎತ್ತಿ ಹಿಡಿದರೆ ಆಹಾರ ತನ್ನಷ್ಟಕ್ಕೆ ಇಳಿಯುತ್ತದೆ, ಒತ್ತಬಾರದು. ಕೊಡುವ ಮೊದಲೂ ಆಮೇಲೂ ಕುದಿಸಿ ಆರಿಸಿದ ನೀರು ಬಿಡಬೇಕು. ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ನೀರಲ್ಲಿ ಕದಡಿ ಕೊಡುವುದು ವಾಡಿಕೆ, ಆದರೆ ಪುಡಿಮಾಡಬಾರದ ಮಾತ್ರೆಗಳೂ ಇವೆ, ಮೊದಲೇ ಕೇಳಬೇಕು.

ಮಲಗಿಸಿ ಕೊಡುವುದೇ ದೊಡ್ಡ ಅಪಾಯ. ಹೊಟ್ಟೆಯ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ದಿಂಬು ಕೊಟ್ಟು ಎದೆಯಿಂದ ಮೇಲೆ ಎತ್ತರಿಸಿ, ಕೊಟ್ಟ ಮೇಲೂ ಒಂದು ಗಂಟೆ ಹಾಗೇ ಕೂರಿಸಬೇಕು. ಮೂಗಿನ ಬಳಿ ಕೊಳವೆಯ ಮೇಲಿರುವ ಗುರುತು ಜರುಗಿದ್ದರೆ, ಕೆಮ್ಮು ಉಬ್ಬಸ ಬಂದರೆ ಉಣಿಸುವುದನ್ನು ನಿಲ್ಲಿಸಬೇಕು. ಕೊಳವೆಯನ್ನು ಮನೆಯಲ್ಲೇ ಒಳತಳ್ಳಬಾರದು. ಪೆಗ್ ಕಳಚಿದರೆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಾಯಿಂದ ಉಣ್ಣದವರ ಬಾಯಿಯನ್ನೂ ದಿನಕ್ಕೆರಡು ಸಲ ಒರೆಸಬೇಕು. ಇದನ್ನೇ ಹೆಚ್ಚಿನ ಮನೆಗಳಲ್ಲಿ ಮರೆಯುವುದು.

ಡಿಸ್ಚಾರ್ಜ್ ಆಗುವ ಮೊದಲು, ಮನೆಯಲ್ಲಿ ನೋಡಿಕೊಳ್ಳುವವರೇ ನರ್ಸ್ ಎದುರಿಗೆ ಎರಡು ಹೊತ್ತು ತಮ್ಮ ಕೈಯಾರೆ ಉಣಿಸಿ ಕಲಿಯಲಿ. ಮೂಗಿನ ಬಳಿಯ ಸೆಂಟಿಮೀಟರ್ ಗುರುತನ್ನೂ ಟ್ಯೂಬ್ ಬದಲಿಸುವ ತಾರೀಕನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲಿ.